ಮಕ್ಕಳಿಗೆ ಕಥೆ ಪಾರ್ಕ್ ಎಲ್ಲಿದೆ? ತುಮಕೂರಿನ ಸುತ್ತ ಒಂದು ದಿನದ ಸುತ್ತಾಟ

ರಜೆ ಹತ್ತಿರ ಬಂದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ತುಮಕೂರಲ್ಲಿ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು? ಕಥೆ ಪುಸ್ತಕದ ಥರದ ಪಾರ್ಕ್ ಏನಾದ್ರೂ ಇದೆಯಾ?" ಸಿಮೆಂಟಿನ ಆಮೆ, ಮೊಲ, ಬಾಯಿ ತೆರೆದ ಮೊಸಳೆ ಇಟ್ಟಿರುವ ಪಾರ್ಕುಗಳನ್ನು ಬೇರೆ ಊರಲ್ಲಿ ನೋಡಿ ಬಂದವರು ಹೀಗೆ ಕೇಳುತ್ತಾರೆ. ನಾನು ಹೇಳುವುದು ಯಾವಾಗಲೂ ಒಂದೇ: ಇದೆ. ಆದರೆ ಒಂದೇ ಕಾಂಪೌಂಡಿನೊಳಗೆ ಇಲ್ಲ. ಒಂದು ಪುಟ ಕಾಡಿನಲ್ಲಿದೆ, ಇನ್ನೊಂದು ಬೆಟ್ಟದ ಮೇಲಿದೆ, ಮತ್ತೊಂದು ಗೂಳೂರಿನ ಪಕ್ಕದ ಹಳ್ಳಿಯಲ್ಲಿದೆ.

ನಾಮದ ಚಿಲುಮೆ, ದೇವರಾಯನದುರ್ಗ, ಕೈದಾಳ. ಮೂರೂ ತುಮಕೂರಿಗೆ ಹತ್ತಿರ. ಮೂರಕ್ಕೂ ಒಂದೊಂದು ಸ್ಥಳಪುರಾಣ ಇದೆ. ಸ್ಥಳಪುರಾಣ ಅಂದರೆ ಈ ಊರಿಗೆ ಈ ಹೆಸರು ಯಾಕೆ ಬಂತು, ಇಲ್ಲಿ ಏನು ನಡೆಯಿತು ಅಂತ ಜನ ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಜಾಗಗಳಿಗೆ ಸುಮ್ನೆ ಹೋಗಿ ನಿಂತರೆ ಮಗು "ಇಷ್ಟೇನಾ?" ಅನ್ನುತ್ತದೆ. ಅದು ಮಗುವಿನ ತಪ್ಪಲ್ಲ. ಬಂಡೆಯಲ್ಲಿ ಒಂದು ಗುಂಡಿ, ಅದರಲ್ಲಿ ನೀರು, ಕಣ್ಣಿಗೆ ಕಾಣುವುದು ಅಷ್ಟೇ. ಕಥೆ ಮೊದಲು ಮಗುವಿನ ತಲೆಯೊಳಗೆ ಹೋಗಿರಬೇಕು, ಕಾಲು ಆಮೇಲೆ ಜಾಗಕ್ಕೆ ಹೋಗಬೇಕು. ಕೆಳಗಿನ ಹಂತಗಳೆಲ್ಲ ಇದಕ್ಕಾಗಿಯೇ.

1. ಯಾರು ಬರುತ್ತಾರೆ ನೋಡಿ, ಆಮೇಲೆ ದಾರಿ ಗೊತ್ತು ಮಾಡಿ

ಐದು ವರ್ಷದೊಳಗಿನ ಮಕ್ಕಳಿದ್ದರೆ ನಾಮದ ಚಿಲುಮೆ, ಕೈದಾಳ ಎರಡೇ ಸಾಕು. ಐದರಿಂದ ಹತ್ತರ ಮಕ್ಕಳಿಗೆ ಮೂರೂ ಆಗುತ್ತದೆ. ಮಂಡಿ ನೋವಿರುವ ಅಜ್ಜಿ, ತಾತ ಜೊತೆಗಿದ್ದರೆ ದೇವರಾಯನದುರ್ಗದಲ್ಲಿ ಕೆಳಗಿನ ಭೋಗ ನರಸಿಂಹನ ಗುಡಿವರೆಗೆ ಹೋಗಿ ಬನ್ನಿ. ಮೇಲಿನ ಗುಡಿಗೆ ಮೆಟ್ಟಿಲು ಹತ್ತಬೇಕು.

ಜಾಸ್ತಿ ಜನ ಮಾಡುವ ತಪ್ಪು ಇಲ್ಲೇ ಆಗುತ್ತದೆ. "ಹೇಗೂ ಹೊರಟಿದ್ದೀವಲ್ಲ" ಅಂತ ಗೊರವನಹಳ್ಳಿ, ಶಿವಗಂಗೆ, ಮಧುಗಿರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. ಮಕ್ಕಳಿಗೆ ಆಮೇಲೆ ನೆನಪಿರುವುದು ಕಾರಿನ ಸೀಟು ಮಾತ್ರ. ದಯವಿಟ್ಟು ಹಾಗೆ ಮಾಡಬೇಡಿ.

ಮಳೆ ಮುಗಿದು ಚಳಿ ಇರುವ ತಿಂಗಳುಗಳು, ಅಂದರೆ ನವೆಂಬರಿನಿಂದ ಜನವರಿವರೆಗೆ, ಎಲ್ಲಕ್ಕಿಂತ ಚೆನ್ನ. ಬೇಸಿಗೆಯಲ್ಲೇ ಹೋಗಬೇಕಾದರೆ ಬೆಳಿಗ್ಗೆ ಬೇಗ ಹೊರಡಿ. ಶ್ರಾವಣ ಶನಿವಾರ ಬೆಟ್ಟಕ್ಕೆ ಭಕ್ತರು ತುಂಬಾ ಬರುತ್ತಾರೆ, ಫಾಲ್ಗುಣದಲ್ಲಿ ತೇರು ಇರುತ್ತದೆ. ತೇರು ನೋಡಲೆಂದೇ ಹೋಗುವುದಾದರೆ ಸರಿ. ಮಕ್ಕಳಿಗೆ ನಿಧಾನವಾಗಿ ಕಥೆ ಹೇಳುವುದಕ್ಕೆ ಆ ದಿನಗಳು ಬೇಡ.

2. ಹಿಂದಿನ ರಾತ್ರಿ: ಪುಸ್ತಕ ಮಾಡಿ, ಗಂಧ ತೇಯಿರಿ

ಎರಡು ಬಿಳಿ ಹಾಳೆ ತಗೊಳ್ಳಿ. ಒಂದರ ಮೇಲೊಂದು ಇಟ್ಟು ಮಧ್ಯಕ್ಕೆ ಮಡಚಿ, ಬೆನ್ನಿಗೆ ಸೂಜಿ ದಾರದಲ್ಲಿ ಎರಡು ಹೊಲಿಗೆ ಹಾಕಿ. ಎಂಟು ಪುಟದ ಪುಸ್ತಕ ಆಯಿತು. ಮೊದಲ ಪುಟದಲ್ಲಿ ಮಗು ತನ್ನ ಹೆಸರು ಬರೆಯಲಿ. ಆಮೇಲೆ ಒಂದೊಂದು ಜಾಗಕ್ಕೆ ಎರಡು ಪುಟ. ಎಡಗಡೆ ನೀವು ಕಥೆಯ ಅರ್ಧ ಭಾಗವನ್ನು ನಾಲ್ಕೇ ವಾಕ್ಯದಲ್ಲಿ ಬರೆಯಿರಿ. ಬಲಗಡೆ ಖಾಲಿ ಬಿಡಿ, ಅಲ್ಲಿ ಮಗು ಚಿತ್ರ ಬರೆಯುತ್ತದೆ.

ಅರ್ಧ ಅಂದೆ, ಗಮನಿಸಿ. ಕಥೆಯನ್ನು ಪೂರ್ತಿ ಹೇಳಿಬಿಟ್ಟರೆ ಬೆಳಿಗ್ಗೆ ಹೋಗುವ ಆಸೆಯೇ ಇರುವುದಿಲ್ಲ. ಹೀಗೆ ಬರೆದು ನಿಲ್ಲಿಸಿ: "ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಬೇಕಿತ್ತು. ನಾಮ ಕಲಸಲು ನೀರು ಬೇಕು. ಸುತ್ತ ಎಲ್ಲಿ ಹುಡುಕಿದರೂ ನೀರಿಲ್ಲ. ಆಗ ರಾಮ ಬಿಲ್ಲು ಎತ್ತಿಕೊಂಡ..." ಉಳಿದದ್ದು ನಾಳೆ, ಅಲ್ಲೇ.

ಇನ್ನೊಂದು ಕೆಲಸ ಇದೆ, ಇದನ್ನು ಬಿಡಬೇಡಿ. ಮನೆಯಲ್ಲಿ ಸಾಣೆಕಲ್ಲು, ಗಂಧದ ಕೊರಡು ಇದ್ದರೆ ಮಗುವಿನ ಕೈಯಲ್ಲೇ ಒಂದು ಚೂರು ಗಂಧ ತೇಯಿಸಿ. ಮುಂಗೈ ಮೇಲೆ ತೆಳ್ಳಗೆ ಸವರಿ. ಈಗ ಇಬ್ಬರೂ ಸುಮ್ಮನೆ ನೋಡುತ್ತಾ ಕೂತುಕೊಳ್ಳಿ. ಮೊದಲು ಅಂಚು ಬಿಳಿಚಿಕೊಳ್ಳುತ್ತದೆ. ಆಮೇಲೆ ಸಣ್ಣಗೆ ಬಿರುಕು ಬಿಡುತ್ತಾ ಒಳಗೊಳಗೆ ಒಣಗುತ್ತದೆ. ದಪ್ಪಗೆ ಸವರಿದ ಕಡೆ ಮಾತ್ರ ಇನ್ನೂ ಹಸಿ, ಬೆರಳಿಟ್ಟರೆ ತಣ್ಣಗೆ. ಗಂಧ ಇಲ್ಲದಿದ್ದರೆ ಗೋಪಿಚಂದನ, ಮುಲ್ತಾನಿ ಮಣ್ಣು ಯಾವುದಾದರೂ ಆಗುತ್ತದೆ. "ಒಂದು ಕಲ್ಲಿಗೆ ಹೀಗೆ ಗಂಧ ಹಚ್ಚಿದರು, ಎಲ್ಲಾ ಕಡೆ ಒಣಗಿತು, ಒಂದೇ ಒಂದು ಕಡೆ ಒಣಗಲಿಲ್ಲ. ಯಾಕಿರಬಹುದು?" ಅಂತ ಕೇಳಿ. ಉತ್ತರ ಹೇಳಬೇಡಿ, ಮಲಗಿಸಿ. ಕೈದಾಳದಲ್ಲಿ ಇದು ಕೆಲಸಕ್ಕೆ ಬರುತ್ತದೆ.

3. ಚೀಲದಲ್ಲಿ ಏನಿರಬೇಕು

ಕುಡಿಯುವ ನೀರು ಜಾಸ್ತಿಯೇ ಇರಲಿ. ಟೋಪಿ, ಬಣ್ಣದ ಪೆನ್ಸಿಲ್, ಪುಸ್ತಕ ಇಟ್ಟುಕೊಂಡು ಬರೆಯಲು ಒಂದು ರಟ್ಟು. ಚಿಲ್ಲರೆ ದುಡ್ಡು. ಪ್ರತಿಯೊಬ್ಬರಿಗೂ ಒಂದು ಜೊತೆ ಹಳೆಯ ಹತ್ತಿ ಕಾಲುಚೀಲ. ಬಂಡೆ, ಕಲ್ಲುಹಾಸು ಬಿಸಿಲಿಗೆ ಕಾದಾಗ ಬರಿಗಾಲಲ್ಲಿ ಮಕ್ಕಳು ಕುಣಿಯುತ್ತವೆ, ಆಗ ಇವು ಬೇಕು.

ತಿಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಸ್ಟೀಲ್ ಡಬ್ಬಿಯಲ್ಲಿ ಹಾಕಿ ಬ್ಯಾಗಿನೊಳಗೆ ಇಡಿ. ಕವರಿನ ಚರಪರ ಸದ್ದು ಕೇಳಿದರೆ ದೇವರಾಯನದುರ್ಗದ ಕೋತಿಗಳು ಎಲ್ಲಿದ್ದರೂ ಬರುತ್ತವೆ. ನನ್ನ ಮಗಳ ಕೈಯಲ್ಲಿದ್ದ ಚಿಪ್ಸ್ ಪ್ಯಾಕೆಟ್ಟನ್ನು ಒಂದು ಕೋತಿ ಕಿತ್ತುಕೊಂಡು ಹೋದ ಮೇಲೆ, ಆ ದಿನ ಅವಳು ಮತ್ತೆ ಕಾರಿನಿಂದ ಇಳಿಯಲೇ ಇಲ್ಲ. ಒಂದು ಚಿಪ್ಸ್ ಪ್ಯಾಕೆಟ್ಟಿಗೆ ಇಡೀ ದಿನ ಹೋಯಿತು.

4. ಬೆಳಗಿನ ತಿಂಡಿ ಮತ್ತು ದಾರಿ

ಬೆಂಗಳೂರು ಕಡೆಯಿಂದ ಬರುವವರು ತಿಂಡಿಗೆ ಕ್ಯಾತ್ಸಂದ್ರದಲ್ಲಿ ನಿಲ್ಲಿಸಿ. ಇಲ್ಲಿನ ತಟ್ಟೆ ಇಡ್ಲಿ ಹೆಸರುವಾಸಿ. ಮಕ್ಕಳಿಗೆ ಮಾತ್ರ ಒಂದೇ ಇಡ್ಲಿ, ಬೆಣ್ಣೆ ಕಡಿಮೆ. ಮುಂದೆ ಘಾಟಿನ ತಿರುವುಗಳಿವೆ. ಹೊಟ್ಟೆ ಬಿರಿಯೆ ತಿಂದ ಮಗು ಅಲ್ಲಿ ವಾಂತಿ ಮಾಡಿಕೊಳ್ಳುತ್ತದೆ.

ತುಮಕೂರು ಊರೊಳಗಿನಿಂದ ಬೆಳಗುಂಬದ ದಾರಿ ಹಿಡಿದರೆ ಮೊದಲು ನಾಮದ ಚಿಲುಮೆ, ಆಮೇಲೆ ದೇವರಾಯನದುರ್ಗ. ತುಮಕೂರಿನಿಂದ ಬೆಟ್ಟಕ್ಕೆ ಸುಮಾರು 15 ಕಿ.ಮೀ. ಡಾಬಸ್‌ಪೇಟೆಯಿಂದ ಊರ್ಡಿಗೆರೆ ಮೇಲೆ ಬರುವ ದಾರಿಯೂ ಇದೆ. ಆದರೆ ಮಕ್ಕಳ ಜೊತೆ ನಾನು ಬೆಳಗುಂಬದ ದಾರಿಯನ್ನೇ ಹೇಳುತ್ತೇನೆ, ಯಾಕೆಂದರೆ ಕಥೆಗಳು ಸುಲಭದ್ದರಿಂದ ಕಷ್ಟದ್ದಕ್ಕೆ ಆ ಕ್ರಮದಲ್ಲೇ ಸಿಗುತ್ತವೆ.

ಸ್ವಂತ ಗಾಡಿ ಇಲ್ಲದಿದ್ದರೆ ತುಮಕೂರಿನವರೆಗೆ ರೈಲು ಅಥವಾ ಬಸ್ಸು. ಅಲ್ಲಿಂದ ಬೆಟ್ಟಕ್ಕೆ ಬಸ್ಸುಗಳು ಕಡಿಮೆ, ಹೋಗುವ ಹೊತ್ತಿನ ಜೊತೆಗೆ ವಾಪಸ್ ಬರುವ ಹೊತ್ತನ್ನೂ ಬಸ್ ಸ್ಟ್ಯಾಂಡಿನಲ್ಲೇ ಕೇಳಿಕೊಳ್ಳಿ. ಎರಡು ಕುಟುಂಬ ಸೇರಿ ಒಂದು ಗಾಡಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಆಟೋ ಮಾಡಿಕೊಂಡರೆ ಕಾಯುವುದಕ್ಕೂ ಸೇರಿಸಿ ಬಾಡಿಗೆ ಮಾತಾಡಿ. ಕಾಡಿನ ದಾರಿಯಲ್ಲಿ ವಾಪಸ್ ಬೇರೆ ಆಟೋ ಸಿಗುತ್ತದೆ ಅಂತ ನಂಬಬೇಡಿ.

5. ಮೊದಲ ಪುಟ: ನಾಮದ ಚಿಲುಮೆ

ಚಿಲುಮೆ ಅಂದರೆ ನೆಲದಿಂದಲೋ ಬಂಡೆಯಿಂದಲೋ ತಾನಾಗಿ ಉಕ್ಕುವ ನೀರು, ಊಟೆ. ಬೆಟ್ಟದ ಬುಡದಲ್ಲಿ ಕಾಡಿನ ನಡುವೆ ಇದೆ. ಗಾಡಿ ನಿಲ್ಲಿಸಿದ ತಕ್ಷಣ ಮಕ್ಕಳು ಜಿಂಕೆ ನೋಡಲು ಓಡುತ್ತಾರೆ, ಯಾಕೆಂದರೆ ಪಕ್ಕದಲ್ಲೇ ಜಿಂಕೆ ವನ ಇದೆ. ಅವರನ್ನು ತಡೆದು ಮೊದಲು ಚಿಲುಮೆಗೇ ಕರೆದುಕೊಂಡು ಹೋಗಿ. ಜಿಂಕೆ ನೋಡಿದ ಮೇಲೆ ಚಿಲುಮೆ ಯಾರ ಕಣ್ಣಿಗೂ ಹತ್ತುವುದಿಲ್ಲ.

ಚಿಲುಮೆಯ ಹತ್ತಿರ ಮಗುವನ್ನು ಕುಕ್ಕರುಗಾಲಲ್ಲಿ ಕೂರಿಸಿ, ನೀವೂ ಪಕ್ಕದಲ್ಲೇ ಕೂತುಕೊಳ್ಳಿ. ಒರಳಿನ ಥರದ ಒಂದು ಗುಂಡಿ. ಸುತ್ತ ಗಟ್ಟಿ ಬಂಡೆ. ಮೇಲಿನಿಂದ ನೀರು ಬರುವ ದಾರಿ ಕಾಣುವುದಿಲ್ಲ. ಮಗು ಅದನ್ನು ತಾನೇ ಹುಡುಕಲಿ. ಪೈಪ್ ಇದೆಯಾ? ಮೇಲೆ ತೊರೆ ಇದೆಯಾ? ಎಲ್ಲೂ ಇಲ್ಲ ಅಂತ ಗೊತ್ತಾದ ಮೇಲೆ ನಿನ್ನೆ ನಿಲ್ಲಿಸಿದ ವಾಕ್ಯವನ್ನು ಮುಗಿಸಿ: "ರಾಮ ಬಂಡೆಗೇ ಬಾಣ ಬಿಟ್ಟ. ಬಾಣ ನಾಟಿದ ಕಡೆ ನೀರು ಚಿಮ್ಮಿತು. ಆ ನೀರಲ್ಲಿ ನಾಮ ಕಲಸಿ ಇಟ್ಟುಕೊಂಡ. ಅದಕ್ಕೇ ಇದು ನಾಮದ ಚಿಲುಮೆ."

"ನಿಜವಾಗ್ಲೂ ನೀರು ಹೇಗೆ ಬರುತ್ತೆ?" ಅಂತ ಕೇಳುವ ಮಗು ಇದ್ದೇ ಇರುತ್ತದೆ. ಅದಕ್ಕೂ ಉತ್ತರ ಕೊಡಿ. ಬೆಟ್ಟದ ಮೇಲೆ ಬಿದ್ದ ಮಳೆ ಮಣ್ಣಿನೊಳಗೆ, ಬಂಡೆಯ ಬಿರುಕುಗಳೊಳಗೆ ಇಳಿದು ನಿಧಾನವಾಗಿ ತಗ್ಗಿನ ಕಡೆ ಹರಿಯುತ್ತದೆ. ಬಿರುಕು ಎಲ್ಲಿ ಬಾಯಿ ಬಿಟ್ಟಿದೆಯೋ ಅಲ್ಲಿ ಹೊರಗೆ ಬರುತ್ತದೆ. ಮೇಲೆ ಕಾಡು ಇರುವುದರಿಂದಲೇ ನೀರು ಇಳಿಯಲು ಸಮಯ ಸಿಗುತ್ತದೆ. ಈ ಉತ್ತರದಿಂದ ರಾಮನ ಕಥೆ ಕೆಡುವುದಿಲ್ಲ, ಮಕ್ಕಳು ಎರಡನ್ನೂ ಇಟ್ಟುಕೊಳ್ಳುತ್ತಾರೆ.

ಎಚ್ಚರಿಕೆಗಳು: ಚಿಲುಮೆಯೊಳಗೆ ಕೈ ತೊಳೆಯುವುದು, ಕಾಸು ಹಾಕುವುದು ಬೇಡ. ಮಕ್ಕಳಿಗೆ ಕುಡಿಯಲು ಮನೆಯಿಂದ ತಂದ ನೀರೇ ಇರಲಿ. ಜಿಂಕೆಗಳಿಗೆ ಬಿಸ್ಕತ್ತು, ಬಾಳೆಹಣ್ಣಿನ ಸಿಪ್ಪೆ ಕೊಡಬೇಡಿ, ಅವುಗಳ ಹೊಟ್ಟೆ ಅದಕ್ಕಲ್ಲ. ಪ್ಲಾಸ್ಟಿಕ್ ಒಂದು ಚೂರೂ ಬಿಡದೆ ವಾಪಸ್ ತನ್ನಿ. ಬೇಸಿಗೆಯಲ್ಲಿ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಬೀಡಿಯ ಕಿಡಿ ಬಿದ್ದರೂ ಬೆಂಕಿ ಹಿಡಿದು ಬೆಟ್ಟವೇ ಉರಿಯುತ್ತದೆ. ಅಡುಗೆ ಮಾಡಿಕೊಳ್ಳೋಣ ಅಂತ ಒಲೆ ಹೂಡುವವರನ್ನು ಕಂಡರೆ ದಯವಿಟ್ಟು ಬೇಡ ಅನ್ನಿ.

ಹೊರಡುವ ಮೊದಲು ಹತ್ತು ನಿಮಿಷ ಚಿತ್ರಕ್ಕೆ ಕೊಡಿ.

6. ಎರಡನೇ ಪುಟ: ದೇವರಾಯನದುರ್ಗ

ಮೈಸೂರಿನ ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ಈ ಹೆಸರು ಬಂತು. ಭಕ್ತರ ಬಾಯಲ್ಲಿ ಇದು ಕರಿಗಿರಿ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಭೋಗ ಅಂದರೆ ಲಕ್ಷ್ಮಿಯ ಜೊತೆ ಶಾಂತವಾಗಿ ಇರುವ ರೂಪ, ಯೋಗ ಅಂದರೆ ಧ್ಯಾನಕ್ಕೆ ಕೂತ ರೂಪ.

ನರಸಿಂಹನ ಕಥೆಯಲ್ಲಿ ಹೊಟ್ಟೆ ಸೀಳುವ ಭಾಗ ಇದೆ. ಸಣ್ಣ ಮಕ್ಕಳಿಗೆ ಅದನ್ನು ಬಣ್ಣಿಸಬೇಡಿ, ಒಗಟಿನ ಹಾಗೆ ಹೇಳಿ. ಘಾಟಿ ಹತ್ತುವಾಗಲೇ ಶುರು ಮಾಡಿ, ವಾಕರಿಕೆಯೂ ಮರೆತುಹೋಗುತ್ತದೆ. "ಒಬ್ಬ ರಾಕ್ಷಸ ವರ ಕೇಳಿದ. ನನಗೆ ಮನುಷ್ಯನಿಂದಲೂ ಸಾವು ಬೇಡ, ಪ್ರಾಣಿಯಿಂದಲೂ ಬೇಡ. ಹಗಲೂ ಬೇಡ, ರಾತ್ರಿಯೂ ಬೇಡ. ಮನೆ ಒಳಗೂ ಬೇಡ, ಹೊರಗೂ ಬೇಡ. ನೆಲದ ಮೇಲೂ ಬೇಡ, ಆಕಾಶದಲ್ಲೂ ಬೇಡ. ಈಗ ಅವನನ್ನು ಸೋಲಿಸುವುದು ಹೇಗೆ?" ಮಕ್ಕಳು ಒಂದೊಂದಾಗಿ ಬಿಡಿಸಲಿ. ಮನುಷ್ಯನೂ ಅಲ್ಲದ ಪ್ರಾಣಿಯೂ ಅಲ್ಲದ ನರಸಿಂಹ ಬೇಗ ಸಿಗುತ್ತಾನೆ. ಮುಸ್ಸಂಜೆ ಸ್ವಲ್ಪ ಕಷ್ಟ. "ಒಳಗೂ ಅಲ್ಲ, ಹೊರಗೂ ಅಲ್ಲ" ಅನ್ನುವುದಕ್ಕೆ ಉತ್ತರ ಸಿಗದಿದ್ದರೆ ಹಾಗೇ ಬಿಡಿ. ಗುಡಿಯ ಹೊಸಿಲ ಹತ್ತಿರ ಹೋದಾಗ, ದಾಟುವ ಮೊದಲು, ಒಂದು ಕ್ಷಣ ನಿಲ್ಲಿಸಿ ಕೆಳಗೆ ನೋಡಲು ಹೇಳಿ. "ಹೊಸ್ಲು!" ಅಂತ ಕಿರುಚುತ್ತಾರೆ. ಆ ಕಿರುಚಾಟಕ್ಕಾಗಿಯೇ ನಾನು ಮತ್ತೆ ಮತ್ತೆ ಆ ಬೆಟ್ಟ ಹತ್ತುತ್ತೇನೆ.

ಮೇಲಿನಿಂದ ಸುತ್ತ ನೋಡುವಾಗ ಇನ್ನೊಂದು ವಿಷಯ ತೋರಿಸಿ. ಜಯಮಂಗಲಿ ಮತ್ತು ಶಿಂಷಾ, ಎರಡು ನದಿಗಳು ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಶಿಂಷಾ ದಕ್ಷಿಣಕ್ಕೆ ಇಳಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಈ ಕಡೆ ಬಿದ್ದ ಹನಿ ಒಂದು ದಾರಿ, ಆ ಕಡೆ ಬಿದ್ದ ಹನಿ ಇನ್ನೊಂದು ದಾರಿ. ಕೊನೆಗೆ ಎರಡೂ ಬಂಗಾಳ ಕೊಲ್ಲಿಯಲ್ಲಿ ಸೇರುತ್ತವೆ. ಪುಸ್ತಕದಲ್ಲಿ ಬರೆಯಲು ಇದಕ್ಕಿಂತ ಚೆಂದದ ಚಿತ್ರ ಬೇಕಾ?

ಕೋತಿ ವಿಷಯ ಮತ್ತೆ ಹೇಳುತ್ತೇನೆ. ಕೈಯಲ್ಲಿ ಏನೂ ಹಿಡಿದು ನಡೆಯಬೇಡಿ, ಪೂಜೆಯ ಬಾಳೆಹಣ್ಣನ್ನೂ ಬ್ಯಾಗಿನೊಳಗೆ ಇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಹಲ್ಲು ಬಿಟ್ಟು ನಗುವುದು ಅವಕ್ಕೆ ಜಗಳಕ್ಕೆ ಕರೆದ ಹಾಗೆ. ಅಕಸ್ಮಾತ್ ಕಚ್ಚಿದರೆ, ಪರಚಿದರೆ, ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಅರಿಶಿನ ಹಚ್ಚಿ ಸುಮ್ಮನಾಗಬೇಡಿ.

ಬಂಡೆಯ ತುದಿಯಲ್ಲಿ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುವುದು ಬೇಡವೇ ಬೇಡ. ಇದು ಚಿರತೆ, ಕರಡಿ ಓಡಾಡುವ ಕಾಡು. ಕತ್ತಲಾಗುವ ಮೊದಲು ಇಳಿದುಬಿಡಿ.

7. ಊಟ, ಒಂದು ನಿದ್ದೆ

ಮಧ್ಯಾಹ್ನ ಬಿಸಿಲಿಗೆ ಕೆಳಗಿರಿ. ಕ್ಯಾತ್ಸಂದ್ರದ ಹತ್ತಿರ ಸಿದ್ಧಗಂಗಾ ಮಠದಲ್ಲಿ ಬಂದವರಿಗೆಲ್ಲ ದಾಸೋಹ ಇದೆ. ದಾಸೋಹ ಅಂದರೆ ಜಾತಿ, ಊರು ಕೇಳದೆ ಎಲ್ಲರಿಗೂ ಬಡಿಸುವ ಊಟ. ಸಾವಿರಾರು ಹುಡುಗರು ಅಲ್ಲೇ ಇದ್ದು ಓದುತ್ತಾರೆ, ಅವರ ಜೊತೆ ನೆಲದ ಮೇಲೆ ಕೂತು ಉಣ್ಣುವುದು ನಿಮ್ಮ ಮಕ್ಕಳಿಗೆ ಹೊಸದಿರಬಹುದು. ತಟ್ಟೆಯಲ್ಲಿ ಬಿಡದಷ್ಟೇ ಹಾಕಿಸಿಕೊಳ್ಳಲಿ. ಇಲ್ಲಿಯೂ ಬಂಡೆಯಿಂದ ಗಂಗೆ ಉಕ್ಕಿದ ಕಥೆ ಇದೆ, ಗೋಸಲ ಸಿದ್ಧೇಶ್ವರರದು. ಬೆಳಿಗ್ಗೆ ನಾಮದ ಚಿಲುಮೆ ನೋಡಿದ ಮಗು "ಇಲ್ಲೂ ಬಂಡೆಯಿಂದ ನೀರಾ?" ಅಂತ ತಾನೇ ಕೇಳುತ್ತದೆ.

ಊಟ ಆದ ಮೇಲೆ ಮಕ್ಕಳು ಅರ್ಧ ಗಂಟೆ ಮಲಗಲಿ. ಕಾರಿನಲ್ಲಿ ಆದರೂ ಸರಿ.

8. ಮೂರನೇ ಪುಟ: ಕೈದಾಳ

ತುಮಕೂರಿನಿಂದ ಕುಣಿಗಲ್ ರಸ್ತೆಯಲ್ಲಿ ಗೂಳೂರು, ಅದರ ಹತ್ತಿರವೇ ಕೈದಾಳ. ಊರಿನಿಂದ ಹತ್ತು ಕಿ.ಮೀ. ಒಳಗೇ. ಹಳ್ಳಿಯ ಗುಡಿ, ಮಧ್ಯಾಹ್ನ ಬಾಗಿಲು ಹಾಕಿರುತ್ತದೆ. ಸಂಜೆ ಪೂಜೆಯ ಹೊತ್ತಿಗೆ ಹೋಗಿ. ಆಗಲೂ ಬಾಗಿಲು ಹಾಕಿದ್ದರೆ ಅಕ್ಕಪಕ್ಕದ ಮನೆಯಲ್ಲಿ ಅರ್ಚಕರು ಎಲ್ಲಿ ಅಂತ ಮರ್ಯಾದೆಯಿಂದ ಕೇಳಿ. ಮಕ್ಕಳು ಜೊತೆಗಿದ್ದರೆ ಯಾರೂ ಇಲ್ಲ ಅನ್ನುವುದಿಲ್ಲ.

ನನ್ನ ಮಟ್ಟಿಗೆ ಇಡೀ ದಿನದ ದೊಡ್ಡ ಕಥೆ ಇದೇ. ಗುಡಿಯ ಅಂಗಳದಲ್ಲಿ ನೆರಳು ನೋಡಿ ಕೂತು ಹೇಳಿ. ಜಕಣಾಚಾರಿ ಈ ಊರಿನ ಶಿಲ್ಪಿ. ಕೆತ್ತನೆಯ ಹುಚ್ಚಿನಲ್ಲಿ ಮನೆ ಬಿಟ್ಟು ಹೋದ. ಮಗ ಡಂಕಣಾಚಾರಿ ದೊಡ್ಡವನಾಗಿ, ಅಪ್ಪನನ್ನು ಹುಡುಕುತ್ತಾ ಬೇಲೂರಿಗೆ ಬಂದ. ಅಲ್ಲಿ ಒಬ್ಬ ಶಿಲ್ಪಿ ಕೆತ್ತಿದ ಮೂರ್ತಿ ನೋಡಿ "ಈ ಕಲ್ಲಿನಲ್ಲಿ ದೋಷ ಇದೆ" ಅಂದ. ಶಿಲ್ಪಿಗೆ ಸಿಟ್ಟು ಬಂತು. ದೋಷ ತೋರಿಸಿದರೆ ಬಲಗೈಯನ್ನೇ ಕತ್ತರಿಸಿಕೊಳ್ಳುತ್ತೇನೆ ಅಂದ. ಹುಡುಗ ಮೂರ್ತಿಗೆಲ್ಲ ಗಂಧ ಹಚ್ಚಿಸಿದ. ಎಲ್ಲಾ ಕಡೆ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ.

ಇಲ್ಲಿ ನಿಲ್ಲಿಸಿ, ಮಗುವಿನ ಮುಂಗೈ ಮುಟ್ಟಿ. ನಿನ್ನೆಯ ಗಂಧ ನೆನಪಾಗುತ್ತದೆ. "ಒಳಗೆ ನೀರಿದೆ!" ಅಂತ ಅವರೇ ಹೇಳಲಿ. ಆಮೇಲೆ ನೀವು ಮುಂದುವರಿಸಿ: ಹುಡುಗ ಅಲ್ಲಿ ಉಳಿ ಇಟ್ಟು ಹೊಡೆದ. ನೀರು ಬಂತು, ನೀರಿನ ಜೊತೆ ಒಂದು ಕಪ್ಪೆಯೂ ಬಂತು. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯ ಅನ್ನುವ ಗುಡಿ ಈಗಲೂ ಇದೆ. ಅಪ್ಪ, ಮಗ ಅಂತ ಇಬ್ಬರಿಗೂ ಗೊತ್ತಾಯಿತು. ಮಾತಿಗೆ ತಪ್ಪದೆ ಜಕಣಾಚಾರಿ ಕೈ ಕಳೆದುಕೊಂಡ. ಹುಟ್ಟಿದೂರಲ್ಲಿ ಕೇಶವನ ಗುಡಿ ಕಟ್ಟು ಅಂತ ಅಪ್ಪಣೆಯಾಯಿತು. ಕಟ್ಟಿ ಮುಗಿಸಿದಾಗ ಕೈ ಮತ್ತೆ ಬಂತು. ಕ್ರೀಡಾಪುರ ಅಂತಿದ್ದ ಊರು ಕೈದಾಳ ಆಯಿತು.

ಕೈ ಕತ್ತರಿಸಿದ ಭಾಗಕ್ಕೆ ಸಣ್ಣವರು ಹೆದರಿದರೆ "ಉಳಿ ಹಿಡಿಯೋದು ಬಿಟ್ಟ" ಅನ್ನಿ, ಸಾಕು. ದೊಡ್ಡ ಮಕ್ಕಳು "ಇದು ನಿಜಾನಾ?" ಅಂತ ಕೇಳಿದರೆ ನಿಜವನ್ನೇ ಹೇಳಿ. ಗುಡಿ ಹೊಯ್ಸಳರ ಕಾಲದ್ದು, 12ನೇ ಶತಮಾನದ್ದು, ಅದು ಇತಿಹಾಸ. ಜಕಣಾಚಾರಿ ಜನರ ಬಾಯಲ್ಲಿ ಉಳಿದುಬಂದ ಶಿಲ್ಪಿ, ಅದು ಕಥೆ. ಎರಡನ್ನೂ ಗೌರವದಿಂದಲೇ ಹೇಳಬಹುದು.

ಒಳಗೆ ಚೆನ್ನಕೇಶವನ ಮುಂದೆ ಮಕ್ಕಳಿಗೆ ಒಂದು ಹುಡುಕಾಟ ಕೊಡಿ. ನಾಲ್ಕು ಕೈಯಲ್ಲಿ ಶಂಖ, ಚಕ್ರ, ಗದೆ, ಪದ್ಮ ಯಾವ ಯಾವುದರಲ್ಲಿವೆ? ಮೂರ್ತಿಯ ಹಿಂದೆ ಕಮಾನಿನ ಹಾಗೆ ಇರುವುದಕ್ಕೆ ಪ್ರಭಾವಳಿ ಅನ್ನುತ್ತಾರೆ. ಹೊಯ್ಸಳರ ಕಾಲದ ವಿಷ್ಣು ಮೂರ್ತಿಗಳಲ್ಲಿ ಅದರ ಮೇಲೆ ಹತ್ತು ಅವತಾರಗಳನ್ನು ಕೆತ್ತುವುದು ವಾಡಿಕೆ, ಅದನ್ನೂ ಗಮನಿಸಿ ನೋಡಲಿ. ಫೋಟೋ ತೆಗೆಯುವ ಮೊದಲು ಅರ್ಚಕರನ್ನು ಕೇಳಿ. ಬೇಡ ಅಂದರೆ ಬೇಡ, ಪುಸ್ತಕದಲ್ಲಿ ಚಿತ್ರ ಇದೆಯಲ್ಲ.

9. ವಾಪಸ್ ಬರುವಾಗ

ದೀಪಾವಳಿ ಆದ ಮೇಲಿನ ದಿನಗಳಲ್ಲಿ ಹೋಗಿದ್ದರೆ ಗೂಳೂರಿನಲ್ಲಿ ಇಳಿಯದೆ ಬರಬೇಡಿ. ಅಲ್ಲಿನ ದೊಡ್ಡ ಮಣ್ಣಿನ ಗಣಪನಿಗೆ ಬಲಿಪಾಡ್ಯಮಿಯಿಂದ ಕಾರ್ತಿಕ ಮಾಸದುದ್ದಕ್ಕೂ ಪೂಜೆ ಇರುತ್ತದೆ. ತಲೆ ಎತ್ತಿ ನೋಡಬೇಕಾದ ಗಣಪ, ಮಕ್ಕಳು ಬಾಯಿ ಬಿಟ್ಟು ನಿಲ್ಲುತ್ತಾರೆ.

ಕಾರಿನಲ್ಲಿ ಮಕ್ಕಳು ಮಲಗಿಬಿಡುತ್ತಾರೆ, ಎಬ್ಬಿಸಿ ಪ್ರಶ್ನೆ ಕೇಳಬೇಡಿ. ಮಾರನೇ ದಿನ ಪುಸ್ತಕವನ್ನು ಅವರ ಕೈಗೇ ಕೊಟ್ಟು, ಮನೆಯಲ್ಲಿ ಉಳಿದಿದ್ದ ಅಜ್ಜಿಗೋ ಪಕ್ಕದ ಮನೆಯ ಮಗುವಿಗೋ ತೋರಿಸಲು ಹೇಳಿ. ರಾಮನ ಬಾಣಕ್ಕೂ ಡಂಕಣನ ಉಳಿಗೂ ಅದಲು ಬದಲಾಗಬಹುದು, ಚಿಲುಮೆಯಿಂದ ಕಪ್ಪೆ ಬರಬಹುದು. ಮಧ್ಯೆ ಬಾಯಿ ಹಾಕಿ ತಿದ್ದಬೇಡಿ. ಪೂರ್ತಿ ಹೇಳಿ ಮುಗಿಸಲಿ.